ಬರಿಗೈ

ನನ್ನನ್ನು ನೋಡಲು ಬಂದವರು ನನ್ನ ಮುಖವನ್ನು ಸರಿಯಾಗಿ ನೋಡಲೇ ಇಲ್ಲ. ಹುಡುಗನ ತಾಯಿ ಕೊಟ್ರಮ್ಮ ಸೋಫಾದ ತುದಿಯಲ್ಲಿ ಕೂತು ಏದುಸಿರು ಬಿಡುತ್ತಿದ್ದರು. ಹುಡುಗ, ಎರ್ರಿಸ್ವಾಮಿ, ತೊಡೆಯ ಮೇಲೆ ಒಂದು ಗಾಜಿನ ಪೆಟ್ಟಿಗೆ ಇಟ್ಟುಕೊಂಡಿದ್ದರು. ಪೆಟ್ಟಿಗೆಯೊಳಗೆ ಒಂದೇ ಎಲೆಯ ಸಣ್ಣ ಸಸಿ. ಅಪ್ಪ ಉಪ್ಪಿಟ್ಟಿನ ತಟ್ಟೆಗಳನ್ನು ಮುಂದಿಟ್ಟರು. ಯಾರೂ ಮುಟ್ಟಲಿಲ್ಲ.

"ಹಾಡು ಬರ್ತೈತೇನವ್ವ ಅಂತ ಕೇಳೋ ಕಾಲ ಹೋತು," ಎಂದರು ಕೊಟ್ರಮ್ಮ, ಉಸಿರಿನ ನಡುವೆ ನಗುತ್ತ. "ಕೈ ಇಡು. ಕೈ ಒಂದು ಚಲೋ ಇದ್ರ ಸಾಕು. ಉಳಿದಿದ್ದು ಹೆಂಗಿದ್ರೂ ನಡಸ್ಕೊಂತೀವಿ."

ನಾನು ಪೆಟ್ಟಿಗೆಯೊಳಗೆ ಕೈ ಹಾಕಿ ಎಲೆಯನ್ನು ಅಂಗೈಯಲ್ಲಿ ಹಿಡಿದೆ. ಬತ್ತಿಯ ಹಾಗೆ ಸುತ್ತಿಕೊಂಡಿದ್ದ ಎಲೆ ಮೊದಲು ಸುಮ್ಮನಿತ್ತು. ಆಮೇಲೆ ನಿಧಾನವಾಗಿ ಬಿಚ್ಚಿಕೊಂಡು ನನ್ನ ಬೆರಳುಗಳ ಮೇಲೆ ಹರಡಿತು. ಮಲ್‌ಬಟ್ಟೆಯಷ್ಟು ತೆಳು. ಕೋಣೆಯಲ್ಲಿ ಹಸಿಶುಂಠಿಯಂಥ ವಾಸನೆ ಎದ್ದಿತು. ಕೊಟ್ರಮ್ಮನ ಏದುಸಿರು ಇಳಿಯಿತು. ಅವರು ಕಣ್ಣು ಮುಚ್ಚಿ, ಎಷ್ಟೋ ಕಾಲದಿಂದ ಸಿಗದಿದ್ದುದು ಸಿಕ್ಕಿದವರಂತೆ, ಒಂದು ಇಡೀ ಉಸಿರು ಎಳೆದುಕೊಂಡರು. ಕಣ್ಣ ತುದಿಯಲ್ಲಿ ನೀರು ಬಂತು.

ಆ ನೀರು ನೋಡಿ ನಾನು ಮದುವೆಗೆ ಒಪ್ಪಿದೆ. ಒಬ್ಬರ ಜೀವ ನನ್ನ ಕೈಯಲ್ಲಿದೆ ಎನ್ನುವುದು ಆಗ ದೊಡ್ಡ ಮಾತಾಗಿ ಕೇಳಿತ್ತು.

ಕೈಗುಣ ಎನ್ನುವುದು ನಮ್ಮಲ್ಲಿ ಹಳೆಯ ಮಾತು. ಒಬ್ಬರು ನೆಟ್ಟ ಕರಿಬೇವು ಹತ್ತುತ್ತದೆ, ಇನ್ನೊಬ್ಬರು ನೆಟ್ಟದ್ದು ಕಡ್ಡಿಯಾಗುತ್ತದೆ. ಒಬ್ಬಳ ಕೈಯ ಉಪ್ಪಿನಕಾಯಿ ವರ್ಷ ಕಳೆದರೂ ಕೆಡುವುದಿಲ್ಲ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದ ನಾನು ಇದನ್ನು ನಂಬುತ್ತಿರಲಿಲ್ಲ. ಆದರೆ ನಮ್ಮ ಕಾಲೇಜಿಗೆ ಎಲೆ ಕೇಂದ್ರದವರು ಬಂದು, ಹುಡುಗಿಯರ ಅಂಗೈಗಳನ್ನು ಹತ್ತಿಕಡ್ಡಿಯಿಂದ ಒರೆಸಿಕೊಂಡು ಹೋದ ಮೇಲೆ, ನಂಬಿಕೆಯ ಪ್ರಶ್ನೆಯೇ ಉಳಿಯಲಿಲ್ಲ. ಇಡೀ ಕಾಲೇಜಿನಲ್ಲಿ ಕೈಗುಣ ಇದ್ದವಳು ನಾನೊಬ್ಬಳೇ.

ಆ ಗಿಡ ಭೂಮಧ್ಯರೇಖೆಯ ಹತ್ತಿರದ ಯಾವುದೋ ದ್ವೀಪದ್ದು. ದೊಡ್ಡ ಮರಗಳ ಕೆಳಗೆ, ಬಿಸಿಲು ಬೀಳದ ಕಡೆ, ಸದಾ ಒದ್ದೆಯಾದ ಗಾಳಿಯಲ್ಲಿ ಬೆಳೆಯುವಂಥದ್ದು. ಕೇಂದ್ರದವರು ಅದರ ವಂಶವಾಹಿಗಳನ್ನು ತಿದ್ದಿ, ಎಲೆ ಬಿಡುವ ಆವಿಯಲ್ಲಿ ಒಂದು ಔಷಧ ಬರುವಂತೆ ಮಾಡಿದ್ದರು. ಅದಿರಿನ ದೂಳು ಕುಡಿದು ಗಟ್ಟಿಯಾದ ಶ್ವಾಸಕೋಶ ಆ ಆವಿಗೆ ಸಡಿಲವಾಗುತ್ತಿತ್ತು. ಬಳ್ಳಾರಿಯಲ್ಲಿ ಅಂಥ ಶ್ವಾಸಕೋಶಗಳಿಗೆ ಕೊರತೆ ಇರಲಿಲ್ಲ. ಔಷಧವನ್ನು ಬಾಟಲಿಗೆ ತುಂಬಿದರೆ ಕೆಡುತ್ತಿತ್ತು, ಮಾತ್ರೆ ಮಾಡಿದರೆ ಹತ್ತುತ್ತಿರಲಿಲ್ಲ. ಗಿಡದ ಪಕ್ಕದಲ್ಲೇ ಕೂತು ಉಸಿರಾಡಬೇಕು. ಜನ ಅದನ್ನು ಉಸಿರೆಲೆ ಎಂದರು.

ಮನೆಯೊಳಗೆ ತಂದ ಉಸಿರೆಲೆಗಳು ಮಾತ್ರ ಒಂದೂ ಬದುಕಲಿಲ್ಲ. ಕಾಡಿನಲ್ಲಿ ಅದರ ಎಲೆಯ ಮೇಲೆ ಸೂಕ್ಷ್ಮಜೀವಿಗಳ ಒಂದು ಪೊರೆ ಇರುತ್ತದೆ. ಆ ಪೊರೆ ಇಲ್ಲದೆ ಎಲೆ ಮುದುರುತ್ತದೆ, ಆವಿ ನಿಲ್ಲುತ್ತದೆ. ಕೆಲವೇ ಕೆಲವರ ಅಂಗೈ ಬೆವರಿನಲ್ಲಿ ಬದುಕುವ ಒಂದು ಜೀವಿ ಆ ಪೊರೆಯ ಕೆಲಸ ಮಾಡುತ್ತದೆ ಎಂದು ತಿಳಿದದ್ದು ಆಕಸ್ಮಿಕವಾಗಿ. ಆಮೇಲೆ ಅಂಥ ಕೈಗಳ ಹುಡುಕಾಟ ಶುರುವಾಯಿತು. ರೋಗಿಗಳಿದ್ದ ಮನೆಯವರು ಅಂಥ ಕೈಗಳನ್ನು ಸೊಸೆ ಮಾಡಿಕೊಳ್ಳತೊಡಗಿದರು.

"ಅದನ್ನ ಲ್ಯಾಬಿನಲ್ಲೇ ಬೆಳೆಸೋಕೆ ಆಗೋದಿಲ್ವಾ, ಮೇಡಂ?" ಎಂದು ನಾನು ಕೇಂದ್ರದ ಡಾಕ್ಟರ್ ವೈಜಯಂತಿಯವರನ್ನು ಮದುವೆಗೆ ಮೊದಲೇ ಕೇಳಿದ್ದೆ. ಅವರು ಮೈಸೂರಿನವರು. ಒಳ್ಳೆಯ ಸೀರೆ ಉಡುತ್ತಿದ್ದರು, ಯಾವತ್ತೂ ದನಿ ಏರಿಸುತ್ತಿರಲಿಲ್ಲ.

"ಬೆಳೆಯುತ್ತೆ. ಆದರೆ ಗಾಜಿನ ತಟ್ಟೆಯಲ್ಲಿ ಕೆಲವು ತಲೆಮಾರು ಕಳೆಯೋದರೊಳಗೆ ತನ್ನ ಕೆಲಸ ಮರೆತುಬಿಡುತ್ತೆ. ಅದಕ್ಕೆ ಜೀವಂತ ಬೆವರೇ ಬೇಕು, ದಿನಾ ಬೇಕು."

ನನ್ನ ಅಂಗೈಗೆ ಸೋಪು ಸೋಕಬಾರದು. ಎಣ್ಣೆ, ಅರಿಸಿನ, ಖಾರದಪುಡಿ ಕೂಡದು. ಗಿಡದ ಹತ್ತಿರ ಬಿಟ್ಟು ಉಳಿದ ಕಡೆಯೆಲ್ಲ ಕೈಗವಸು. ಎಲ್ಲಕ್ಕಿಂತ ಮುಖ್ಯ, ನನ್ನ ಬರಿ ಅಂಗೈ ಇನ್ನೊಬ್ಬರ ಚರ್ಮವನ್ನು ಮುಟ್ಟಬಾರದು.

"ಅದರಲ್ಲೂ ಮಕ್ಕಳನ್ನ," ಎಂದರು ಡಾಕ್ಟರ್. "ಮಗುವಿನ ಚರ್ಮ ಹೊಸ ಬಡಾವಣೆ ಇದ್ದ ಹಾಗೆ. ಎಲ್ಲರೂ ಸೈಟು ಹುಡುಕಿಕೊಂಡು ಅಲ್ಲಿಗೇ ಹೋಗ್ತಾರೆ." ತಮ್ಮ ಮಾತಿಗೆ ತಾವೇ ಸಣ್ಣಗೆ ನಕ್ಕರು. ನಾನೂ ನಕ್ಕೆ.

ಮದುವೆಯಲ್ಲಿ ಕೈ ಹಿಡಿಸುವಾಗ ಸ್ವಾಮಿಗಳು ನಮ್ಮಿಬ್ಬರ ಅಂಗೈಗಳ ನಡುವೆ ಒಂದು ರೇಷ್ಮೆ ವಸ್ತ್ರ ಇಟ್ಟರು.

ಗಂಡನ ಮನೆಯಲ್ಲಿ ಅತ್ಯಂತ ಒಳ್ಳೆಯ ಕೋಣೆ ಗಿಡದ್ದು. ಉತ್ತರದ ಕಿಟಕಿ, ಅದಕ್ಕೆ ತೆಳು ಬಿಳಿ ಬಟ್ಟೆ. ಗೋಡೆಗೆ ಒದ್ದೆ ಗೋಣಿತಾಟು. ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಪರದೆ. ಗಾಳಿ ಬೀಸಿದರೆ ಎಲೆಯ ಅಂಚು ಸುಡುತ್ತದೆಂದು ಆ ಕೋಣೆಯ ಫ್ಯಾನು, ಅದರ ಪಕ್ಕದ ನಡುಮನೆಯ ಫ್ಯಾನು ಎರಡನ್ನೂ ಬಿಚ್ಚಿ ಹಾಕಿದ್ದರು. ಬಳ್ಳಾರಿಯ ಬೇಸಿಗೆಯಲ್ಲಿ ಫ್ಯಾನಿಲ್ಲದ ಮನೆ ಎಂದರೆ ಒಲೆಯ ಮೇಲಿನ ಹಂಚು. ಬೋರಿನ ನೀರು ಹಾಕಿದರೆ ಎಲೆಯ ಮೇಲೆ ಸುಣ್ಣದ ಕಲೆ ಬೀಳುತ್ತಿತ್ತು. ಅದಕ್ಕೇ ನನ್ನ ಗಂಡ ಎದುರು ಮನೆಯ ಎಸಿಯಿಂದ ತೊಟ್ಟಿಕ್ಕುವ ನೀರನ್ನು ದಿನವೂ ಕೊಡದಲ್ಲಿ ಹಿಡಿದು ತರುತ್ತಿದ್ದರು. ಎದುರು ಮನೆಯವರು ತಂಪಾಗಿ ಮಲಗುತ್ತಿದ್ದರು. ಅವರ ತಂಪಿನ ಕೊಳೆನೀರು ನಮ್ಮ ಗಿಡಕ್ಕೆ ಅಮೃತ.

ಬೆಳಿಗ್ಗೆ ಎದ್ದು ಪರದೆ ಸರಿಸಿ ಒಳಗೆ ಹೋಗಿ, ಕೈಗವಸು ಬಿಚ್ಚಿ, ಅಂಗೈಯನ್ನು ಆ ನೀರಿನಲ್ಲಿ ಅದ್ದಿ, ಒಂದೊಂದೇ ಎಲೆಯನ್ನು ತೊಟ್ಟಿನಿಂದ ತುದಿಯ ಕಡೆಗೆ ಸವರುತ್ತಿದ್ದೆ. ತುದಿಯಿಂದ ತೊಟ್ಟಿಗೆ ಸವರಿದರೆ ನರ ಮುರಿಯುತ್ತದೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಹೊರಗೆ ಚಾಚಿದ ಗಾಳಿಬೇರನ್ನು ತೆಂಗಿನ ನಾರು ಸುತ್ತಿದ ಕಂಬಕ್ಕೆ ಹಗುರವಾಗಿ ಕಟ್ಟಬೇಕು. ಅತ್ತೆ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿ ಉಸಿರಾಡುತ್ತಿದ್ದರು. ಮೂರೇ ತಿಂಗಳಲ್ಲಿ ಅವರ ಮಾತಿಗೆ ಹಳೆಯ ಹರಿತ ಬಂತು ಎಂದು ಓಣಿಯೆಲ್ಲ ಹೇಳಿತು.

ಮೊದಲ ತಿಂಗಳು ನಾನು ಮುಟ್ಟಾದಾಗ ಗಾಬರಿಯಾಗಿ ಬಾಗಿಲಲ್ಲೇ ನಿಂತಿದ್ದೆ. ಆ ದಿನಗಳಲ್ಲಿ ಕರಿಬೇವು ಮುಟ್ಟಿದ್ದಕ್ಕೆ ಮಗಳಿಗೇ ಹೊಡೆದಿದ್ದ ಹೆಂಗಸು ಎಂದು ಅತ್ತೆಯ ಬಗ್ಗೆ ಕೇಳಿದ್ದೆ.

"ಅಲ್ಲೇನು ಕಂಬದಂಗ ನಿಂತಿ, ಬಾ," ಎಂದರು ಅತ್ತೆ. "ಇದು ಫಾರಿನ್ ಗಿಡ. ಇದಕ್ಕ ಮುಟ್ಟುಚಟ್ಟು ಇಲ್ಲ."

ಊಟ ನಾನು ಚಮಚದಲ್ಲಿ ಮಾಡುತ್ತಿದ್ದೆ. ರೊಟ್ಟಿ ಬಡಿಯುವ ಹಾಗಿರಲಿಲ್ಲ, ಒಗ್ಗರಣೆ ಮಂಡಕ್ಕಿ ಕಲಸುವ ಹಾಗಿರಲಿಲ್ಲ, ಪಾತ್ರೆ ತೊಳೆಯುವ ಹಾಗಿರಲಿಲ್ಲ. ಎದುರು ಮನೆಯ ಹುಲಿಗೆಮ್ಮ ತನ್ನ ಸೀದ ಬೆರಳುಗಳನ್ನು ತೋರಿಸಿ, "ಯಾವ ಜಲ್ಮದ ಪುಣ್ಯನೋ ನಿಂದು, ದೊರೆಸಾನಿ ಆಗೀದಿ," ಎನ್ನುತ್ತಿದ್ದಳು. ನಾನು ಕೈಗವಸಿನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನಗುತ್ತಿದ್ದೆ. ಅವಳಿಗೆ ಬೇಕಾದರೆ ಕೊಟ್ಟುಬಿಡುತ್ತಿದ್ದೆ ಎಂದು ಹೇಳುತ್ತಿರಲಿಲ್ಲ.

ಹೆರಿಗೆಯಾದಾಗ ನರ್ಸು ಮಗುವನ್ನು ನನ್ನ ಎದೆಯ ಮೇಲೆ ಮಲಗಿಸಿದಳು. ನನ್ನ ಎರಡೂ ಕೈಗಳು ತಾವಾಗಿಯೇ ಮೇಲೆದ್ದವು. ಅತ್ತೆ ಅವುಗಳನ್ನು ಬಟ್ಟೆ ಸುತ್ತಿ ಮಂಚಕ್ಕೆ ಒತ್ತಿ ಹಿಡಿದರು. "ನೋಡು, ಕಣ್ತುಂಬ ನೋಡು," ಎಂದರು. "ನೋಡಾಕ ಯಾರು ಬ್ಯಾಡ ಅಂದಾರ?"

ಮಗಳಿಗೆ ಮುಕ್ತಾ ಎಂದು ಹೆಸರಿಟ್ಟರು. ಅವಳಿಗೆ ಎಣ್ಣೆ ಹಚ್ಚಿದ್ದು ಅತ್ತೆ, ಎರೆದದ್ದು ಅತ್ತೆ. ಉಸಿರೆಲೆ ಕೊಟ್ಟ ಉಸಿರಿನಲ್ಲಿ ಅವರು ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ತಟ್ಟಿ ಮಲಗಿಸುತ್ತಿದ್ದರು. ಹಾಲು ಕುಡಿಸುವಾಗ ನಾನು ಮೊಣಕೈಗಳಿಂದ ಅವಳನ್ನು ಹಿಡಿದುಕೊಳ್ಳುತ್ತಿದ್ದೆ. ಹಲ್ಲು ಬರುವ ಹೊತ್ತಿಗೆ ಅವಳು ನನ್ನ ಕೈಗವಸಿನ ಬೆರಳ ತುದಿಗಳನ್ನು ಕಚ್ಚಿ ಎಳೆಯುವುದನ್ನು ಕಲಿತಳು. ಒಳಗೆ ಏನೋ ಇದೆ, ಕೊಡುತ್ತಿಲ್ಲ ಎಂದು ಅವಳಿಗೆ ಗೊತ್ತಾದಂತೆ.

ಹೊಸ್ತಿಲು ದಾಟಲು ಬಂದ ಮೇಲೆ, ನಾನು ಗಿಡದ ಕೋಣೆಯೊಳಗಿರುವಾಗ ಅವಳು ಪರದೆಯ ಆಚೆ ಬಂದು ಕೂರುತ್ತಿದ್ದಳು. ಪ್ಲಾಸ್ಟಿಕ್ಕಿಗೆ ಮೂಗು ಒತ್ತಿ ನೋಡುತ್ತಿದ್ದಳು. ನಾನು ಅವಳನ್ನೇ ನೋಡುತ್ತ ಎಲೆ ಸವರುತ್ತಿದ್ದೆ.

"ಬಾರವ್ವ ನನ್ನವ್ವ. ಏನು ನೋಡ್ತೀಯವ್ವ. ನನ್ನ ಚಿನ್ನದವ್ವ," ಎನ್ನುತ್ತಿದ್ದೆ.

ನಮ್ಮ ಕಡೆ ತಾಯಿಗೂ ಅವ್ವ, ಮುದ್ದು ಬಂದರೆ ಮಗಳಿಗೂ ಅವ್ವ. ಕೈ ಎಲೆಯ ಮೇಲಿರುತ್ತಿತ್ತು, ಮಾತು ಮಗಳಿಗೆ ಹೋಗುತ್ತಿತ್ತು. ಎರಡನ್ನೂ ಒಟ್ಟಿಗೆ ಕೊಡಲು ನನಗೆ ಆಗುತ್ತಿರಲಿಲ್ಲ. ಪರದೆಯಾಚೆ ಅವಳ ತುಟಿ ನನ್ನ ತುಟಿಯಂತೆ ಅಲ್ಲಾಡುತ್ತಿತ್ತು.

ಅವಳಿಗೆ ಒಂದು ವರ್ಷ ಕಳೆದ ಬೇಸಿಗೆಯಲ್ಲಿ ಜ್ವರ ಬಂತು. ನನ್ನ ಗಂಡ ರೈಲ್ವೆ ಗೂಡ್ಸ್ ಶೆಡ್ಡಿಗೆ ಹೋಗಿದ್ದರು. ಅತ್ತೆ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಮಕ್ಕಳ ಡಾಕ್ಟರಿಗೆ ಫೋನು ಮಾಡಿ ಅವರು ಹೇಳಿದ ಔಷಧಿ ಕುಡಿಸಿದ್ದೆ. ಜ್ವರ ಎಷ್ಟಿದೆ ಎಂದು ಥರ್ಮಾಮೀಟರು ಹೇಳಿತ್ತು. ನನಗೆ ಬೇಕಿದ್ದದ್ದು ಅದಲ್ಲ. ಮುಕ್ತಾ ಅತ್ತೂ ಅತ್ತೂ ದನಿ ಕಳೆದುಕೊಂಡಿದ್ದಳು. ನನ್ನ ಕೈಗವಸನ್ನು ಹಲ್ಲಿನಿಂದ ಹಿಡಿದು ಎಳೆದಳು. ನಾನು ತಡೆಯಲಿಲ್ಲ. ಅದು ಕಳಚಿ ನೆಲಕ್ಕೆ ಬಿತ್ತು.

ಅವಳ ಹಣೆ ಎಷ್ಟು ಸಣ್ಣದಿದೆ ಎಂದು ನನ್ನ ಕೈಗೆ ಆಗ ಗೊತ್ತಾಯಿತು. ಕೂದಲ ಬುಡದಲ್ಲಿ ಬೆವರಿತ್ತು. ಕುತ್ತಿಗೆಯ ಹಿಂದೆ ಒಂದು ಮಚ್ಚೆ ಇತ್ತು; ಕಣ್ಣಿಗೆ ಕಂಡಿದ್ದರೂ ಅದು ಉಬ್ಬಿಕೊಂಡಿದೆ ಎಂದು ಗೊತ್ತಿರಲಿಲ್ಲ. ಅವಳು ತನ್ನ ಅಂಗೈಯನ್ನು ನನ್ನ ಅಂಗೈಯೊಳಗೆ ತೂರಿಸಿ ಹಿಡಿದುಕೊಂಡು ನಿದ್ದೆ ಹೋದಳು. ಬಿಸಿಲು ಇಳಿಯುವವರೆಗೂ ಹಾಗೆಯೇ ಕೂತಿದ್ದೆ. ಜ್ವರ ಇಳಿಯಿತು.

ಕೈಗವಸು ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ.

ಮೊದಲು ಕೆಳಗಿನ ಎಲೆಯ ಅಂಚು ಕಂದಾಯಿತು, ಹಪ್ಪಳ ಸೀದಂತೆ. ಬಿಸಿಲಿಗೆ ಇರಬಹುದು ಎಂದೆ. ಆಮೇಲೆ ನಡುವಿನ ಎಲೆಗಳು ಸುತ್ತಿಕೊಂಡವು. ನೀರು ಬದಲಾಗಿರಬಹುದು ಎಂದೆ. ಗೋಣಿತಾಟನ್ನು ಮತ್ತೆ ಮತ್ತೆ ನೆನೆಸಿದೆ, ಕುಂಡವನ್ನು ತಿರುಗಿಸಿಟ್ಟೆ, ಎಲೆಗಳನ್ನು ಹೆಚ್ಚು ಹೊತ್ತು ಸವರಿದೆ. ಸವರಿದಷ್ಟೂ ಕೆಟ್ಟಿತು. ಶುಂಠಿಯ ವಾಸನೆ ಹೋಯಿತು. ಅತ್ತೆಯ ಬೆನ್ನ ಹಿಂದೆ ಒಂದಿದ್ದ ದಿಂಬು ಎರಡಾಯಿತು, ಆಮೇಲೆ ಮೂರು. ಹಳೆಯ ಕೆಮ್ಮು ಮರಳಿ ಬಂತು. ಅದು ಗಂಟಲಿನ ಕೆಮ್ಮಲ್ಲ. ಖಾಲಿ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಸದ್ದು. ಅತ್ತೆ ನನ್ನನ್ನು ನೋಡುತ್ತಿದ್ದರು. ಏನೂ ಕೇಳುತ್ತಿರಲಿಲ್ಲ.

ಕೇಂದ್ರದಲ್ಲಿ ಡಾಕ್ಟರ್ ವೈಜಯಂತಿ ನನ್ನ ಅಂಗೈ ಒರೆಸಿದ ಹತ್ತಿಯನ್ನು ಯಂತ್ರಕ್ಕೆ ಕೊಟ್ಟರು. ಪರದೆಯ ಮೇಲೆ ನನ್ನ ಕೈಯ ಚಿತ್ರ ಮೂಡಿತು. ನಾನು ಬಲ್ಲ ಚಿತ್ರ ಅದು. ಪ್ರತಿ ಸಲ ಅಂಗೈಯಿಡೀ ಹಸಿರಾಗಿ ಹೊಳೆಯುತ್ತಿತ್ತು. ಈ ಸಲ ಬೂದಿಯ ಬಣ್ಣವಿತ್ತು.

"ಯಾರನ್ನ ಮುಟ್ಟಿದ್ರಿ?"

"ಮಗಳನ್ನ."

"ಎಷ್ಟು ಹೊತ್ತು?"

"ಒಂದು ಮಧ್ಯಾಹ್ನ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮತ್ತೆ ಬರೋದಿಲ್ಲ ಇದು," ಎಂದರು. "ಗಿಡ ವಾಪಸ್ ತಗೋಬೇಕಾಗುತ್ತೆ, ಪಂಪಾವತಿ. ಹೊಸಪೇಟೆಯಲ್ಲಿ ಒಂದು ಮನೆ ಕಾಯ್ತಾ ಇದೆ. ಇಲ್ಲೇ ಬಿಟ್ಟರೆ ಗಿಡವೂ ಹೋಗುತ್ತೆ."

"ನಮ್ಮ ಅತ್ತೆ?"

"ಮಳೆಗಾಲ ನೋಡ್ತಾರೇನೋ." ಅವರು ಟಿಶ್ಯೂ ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿದರು. ಅಷ್ಟು ಜಾಗರೂಕತೆಯಿಂದ, ನನ್ನ ಬೆರಳು ಅವರ ಬೆರಳಿಗೆ ತಾಗದ ಹಾಗೆ. ಇನ್ನು ತಾಗಿದರೂ ನಷ್ಟವಿರಲಿಲ್ಲ. ಅಭ್ಯಾಸ.

ನನ್ನ ಗಂಡ ಬಾಗಿಲ ಹೊರಗೆ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ಬಳ್ಳಾರಿ ಗುಡ್ಡ ಕಾಣಿಸಿಕೊಂಡ ಮೇಲೆ, ಅದನ್ನೇ ನೋಡುತ್ತ ಕೇಳಿದರು:

"ಒಂದು ಮಧ್ಯಾಹ್ನ ತಡ್ಕೊಳ್ಳಾಕ ಆಗಲಿಲ್ಲೇನು ನಿನಗ? ನಮ್ಮವ್ವನ ಜೀವ ಅದು."

"ನಿಮ್ಮ ಮಗಳಿಗೆ ಜ್ವರ ಬಂದಿತ್ತು."

"ಜ್ವರ ಎಲ್ಲರಿಗೂ ಬರ್ತೈತಿ."

ಗಿಡ ಒಯ್ಯಲು ವ್ಯಾನು ಬರುವವರೆಗೆ ಕೆಲವು ದಿನಗಳಿದ್ದವು. ಆ ದಿನಗಳ ಬಗ್ಗೆ ನಾಚಿಕೆಯಿಲ್ಲದೆ ಬರೆಯುತ್ತೇನೆ: ನಾನು ಸುಖವಾಗಿದ್ದೆ. ಕೈಗವಸು ಬಿಚ್ಚಿ ಹಿತ್ತಲಿಗೆ ಎಸೆದೆ. ಮಗಳಿಗೆ ಎಣ್ಣೆ ಹಚ್ಚಿ ಎರೆದೆ. ಅನ್ನ ಕಲಸಿ ತುತ್ತು ಮಾಡಿ ಉಣ್ಣಿಸಿದೆ, ನಾನೂ ಕೈಯಲ್ಲಿ ಉಂಡೆ. ಅವಳು ನನ್ನ ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು, ಅಂಗಡಿಯಲ್ಲಿ ಬಟ್ಟೆ ನೋಡುವವರಂತೆ. ಪರದೆಯಾಚೆಯಿಂದ ಅತ್ತೆಯ ಕೆಮ್ಮು ಕೇಳುತ್ತಲೇ ಇತ್ತು. ಕೇಳುತ್ತಲೇ ನಾನು ಮಗಳ ತಲೆ ಬಾಚುತ್ತಿದ್ದೆ.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿದ್ದೆ. ಕೆಮ್ಮು ನಿಂತಿತು.

ಅತ್ತೆ ಹೋಗಿಬಿಟ್ಟರು ಎಂದುಕೊಂಡು ಓಡಿದೆ. ಅವರು ಮಂಚದ ಮೇಲೆ ನೆಟ್ಟಗೆ ಕೂತಿದ್ದರು. ಮುಕ್ತಾ ಪರದೆಯ ಅಡಿಯಿಂದ ತೂರಿ ಒಳಗೆ ಹೋಗಿದ್ದಳು. ನೀರಿನ ಬಟ್ಟಲಲ್ಲಿ ಕೈ ಅದ್ದಿ, ತನಗೆ ಎಟುಕುವ ಎಲೆಯೊಂದನ್ನು ಸವರುತ್ತಿದ್ದಳು. ತೊಟ್ಟಿನಿಂದ ತುದಿಗೆ. ಏನೋ ಗುನುಗುತ್ತಿದ್ದಳು. ಸುತ್ತಿಕೊಂಡಿದ್ದ ಎಲೆ ಅವಳ ಪುಟ್ಟ ಬೆರಳುಗಳ ಕೆಳಗೆ ಬಿಚ್ಚಿಕೊಳ್ಳುತ್ತಿತ್ತು. ಹಸಿಶುಂಠಿಯ ವಾಸನೆ ಬಂತು.

ಜೀವಿಗಳು ಸತ್ತಿರಲಿಲ್ಲ. ಆ ಮಧ್ಯಾಹ್ನ ಅವು ಮನೆ ಬದಲಾಯಿಸಿದ್ದವು.

ನಾನು ಅವಳನ್ನು ಎತ್ತಿಕೊಂಡು ಬಚ್ಚಲಿಗೆ ಓಡಿದೆ. ಸೋಪು ಹಚ್ಚಿ ತಿಕ್ಕಿದೆ. ಪಾತ್ರೆ ತಿಕ್ಕುವ ನಾರು ತೆಗೆದುಕೊಂಡೆ. ಗಾಯ ತೊಳೆಯುವ ಔಷಧಿಯನ್ನು ನೀರು ಬೆರೆಸದೆ ಅವಳ ಅಂಗೈಗೆ ಸುರಿದೆ. ಅವಳು ಕಿರುಚಿದಳು. ಅಂಗೈ ಕೆಂಪಾಗಿ ಸಿಪ್ಪೆ ಏಳತೊಡಗಿತು. ಒಬ್ಬ ತಾಯಿ ಹಾಗೆ ಮಾಡುವುದನ್ನು ಬೇರೆಲ್ಲಾದರೂ ಕಂಡಿದ್ದರೆ ಪೊಲೀಸರನ್ನು ಕರೆಯುತ್ತಿದ್ದೆ.

"ಎಷ್ಟು ತಿಕ್ಕತಿ?"

ಅತ್ತೆ ಬಚ್ಚಲ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಎಷ್ಟೋ ದಿನದಿಂದ ಮಂಚ ಇಳಿಯದವರು ಅಲ್ಲಿವರೆಗೆ ನಡೆದು ಬಂದಿದ್ದರು. ಮೊಮ್ಮಗಳು ಕೊಟ್ಟ ಉಸಿರಿನಲ್ಲಿ.

"ಅತ್ತಿ, ಇನ್ನೂ ಕೂಸು ಅದು."

"ಗೊತ್ತೈತಿ."

"ಮಣ್ಣಾಗ ಆಡಂಗಿಲ್ಲ. ಯಾರ ಕೈನೂ ಹಿಡಿಯಂಗಿಲ್ಲ. ನಾನು ಹೆಂಗ ಬದುಕೀನಿ ಅಂತ ನೀವು ನೋಡೀರಿ."

"ನೋಡೀನಿ. ಜ್ವರ ಬಂದ ದಿನಾನೂ ನೋಡೀನಿ. ನೀನು ಕೈಗವಸು ಬಿಚ್ಚಿದ್ದು ಕಂಡು ಸುಮ್ನ ಕಣ್ಣು ಮುಚ್ಕೊಂಡೆ. ತಾಯಿ ಕೈ, ಹೋಗ್ಲಿ ಬಿಡು ಅಂದೆ." ಅವರು ಉಸಿರಿಗಾಗಿ ನಿಂತರು. "ಆಮ್ಯಾಲೆ ಉಸಿರು ಹೋಗಾಕ ಹತ್ತಿತಲ್ಲ, ಆವಾಗ ತಿಳೀತು. ನೀರಾಗ ಮುಳುಗಿದಂಗ ಇರ್ತೈತಿ ಪಂಪಾ, ಹಗಲೆಲ್ಲ. ಇನ್ನೊಂದು ಸಲ ಸುಮ್ನಿರಾಕ ನನ್ನ ಕೈಲಾಗಂಗಿಲ್ಲ."

"ಮೊಮ್ಮಗಳು ನಿಮ್ದು."

"ಹೂಂ. ನನಗ ಸಾಯಾಕ ಮನಸ್ಸಿಲ್ಲವ್ವ," ಎಂದರು ಅತ್ತೆ, ನೀರು ಕೇಳುವಷ್ಟು ಸಹಜವಾಗಿ. ಅವರ ಇನ್ನೊಂದು ಕೈಯಲ್ಲಿ ಫೋನಿತ್ತು. ಕೇಂದ್ರಕ್ಕೆ ಆಗಲೇ ಹೇಳಿಯಾಗಿತ್ತು.

ಗಿಡ ಒಯ್ಯಲು ಬರಬೇಕಾಗಿದ್ದ ವ್ಯಾನು ನಮ್ಮನ್ನು ಒಯ್ದಿತು. ಡಾಕ್ಟರ್ ವೈಜಯಂತಿ ಮುಕ್ತಾಳ ಸುಟ್ಟ ಅಂಗೈಯನ್ನು ನೋಡಿ ತುಟಿ ಕಚ್ಚಿಕೊಂಡರು. ಹತ್ತಿಯಿಂದ ಮೆತ್ತಗೆ ಒರೆಸಿದರು. ಪರದೆಯ ಮೇಲೆ ಒಂದು ಪುಟ್ಟ ಕೈ ಮೂಡುವ ಮೊದಲೇ ಬೆಳಕು ಮೂಡಿತು. ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಎಲ್ಲೂ ಬಿಡುವಿಲ್ಲದ ಹಸಿರು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಪಕ್ಕದ ಕೋಣೆಯವರನ್ನು ಕರೆದರು. ಎಲ್ಲರೂ ಬಂದು ನನ್ನ ಮಗಳ ಕೈಯ ಚಿತ್ರ ನೋಡಿದರು.

"ಪುಣ್ಯ, ಬೆವರಿನ ಗ್ರಂಥಿಗಳ ಒಳಗೇ ಇಳಿದುಬಿಟ್ಟಿದೆ. ನೀವು ಅಷ್ಟು ತೊಳೆದರೂ ಹೋಗಿಲ್ಲ," ಎಂದರು ನನಗೆ, ಅಭಿನಂದಿಸುವವರಂತೆ. "ನಿಮ್ಮದಕ್ಕಿಂತ ಎಷ್ಟೋ ಗಟ್ಟಿ. ಇವಳ ಕೈಯಲ್ಲಿ ಒಂದಲ್ಲ, ಹತ್ತು ಗಿಡ ಬದುಕುತ್ತವೆ."

"ಎಷ್ಟು ಕಾಲ ಇರುತ್ತೆ?"

"ಚೆನ್ನಾಗಿ ನೋಡಿಕೊಂಡರೆ? ಅವಳಿರೋವರೆಗೂ."

ಆಮೇಲೆ ಅವರು ನಿಯಮಗಳನ್ನು ಹೇಳಿದರು. ನನಗೆ ಎಲ್ಲವೂ ಬಾಯಿಪಾಠವಾಗಿದ್ದವು. ಕೊನೆಯ ಒಂದು ಮಾತ್ರ ಹೊಸದು. ಬೇರೆ ಯಾರ ಕೈಯೂ ಮುಕ್ತಾಳಿಗೆ ಅಷ್ಟು ಅಪಾಯವಲ್ಲ. ಆದರೆ ನನ್ನ ಅಂಗೈಯಲ್ಲಿ ಉಳಿದಿರುವುದು ಅದೇ ಜೀವಿಯ ಕೆಟ್ಟ ಸಂತಾನ. ಸೋಪಿಗೂ ಹೋಗದ ಅವಳ ಕೈಯ ಜೀವಿಯನ್ನು ಅದು ದಿನ ಕಳೆದಂತೆ ಒಕ್ಕಲೆಬ್ಬಿಸುತ್ತದೆ. ಬಟ್ಟೆಯಿಂದ, ಬಟ್ಟಲಿಂದ, ತಲೆದಿಂಬಿನಿಂದಲೂ ದಾಟಬಹುದು.

"ನೀವು ಅವಳಿಂದ ಸ್ವಲ್ಪ ದೂರ ಇದ್ದರೆ ಒಳ್ಳೇದು," ಎಂದರು ಡಾಕ್ಟರ್, ಅದೇ ಮೆದು ದನಿಯಲ್ಲಿ. "ಕೈಗವಸು ಹಾಕಿಕೊಂಡರೂ ಬೇಡ."

ತವರಿಗೆ ಹೋಗುತ್ತೇನೆ ಎಂದೆ. "ಹೋಗು," ಎಂದರು ನನ್ನ ಗಂಡ. "ಕೂಸು ಇಲ್ಲೇ ಇರ್ತೈತಿ." ಅಪ್ಪನಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿ, "ಒಂದು ಜೀವದ ಪ್ರಶ್ನೆ ಅಲ್ಲೇನವ್ವ," ಎಂದರು. ಯಾವ ಜೀವ ಎಂದು ನಾನು ಕೇಳಲಿಲ್ಲ. ಹೋಗಲೂ ಇಲ್ಲ. ಇಲ್ಲಿದ್ದರೆ ಅವಳು ಕಣ್ಣಿಗಾದರೂ ಕಾಣುತ್ತಾಳೆ.

ಸಣ್ಣ ಕೈಗವಸುಗಳು ಬಂದವು. ಬಿಚ್ಚಿಕೊಳ್ಳಬಾರದೆಂದು ಮಣಿಕಟ್ಟಿನ ಹತ್ತಿರ ಲಾಡಿ. ನನ್ನ ಗಂಡ ಒಂದನ್ನು ಬೆರಳಿಗೆ ಸಿಕ್ಕಿಸಿ ನನಗೆ ತೋರಿಸಿದರು. "ಚಂದ ಅದಾವಲ್ಲ? ಮೊಲದ ಚಿತ್ರ ಹಾಕ್ಯಾರ ನೋಡು." ಅವರು ನನ್ನನ್ನು ನೋಯಿಸಲು ಹಾಗೆ ಹೇಳಲಿಲ್ಲ. ಅದು ನನಗೆ ಗೊತ್ತು.

ಈಗ ಮುಕ್ತಾ ಗಿಡದ ಕೋಣೆಯಲ್ಲೇ ಅಜ್ಜಿಯ ಪಕ್ಕ ಮಲಗುತ್ತಾಳೆ. ಅಡುಗೆ, ಪಾತ್ರೆ, ಬಟ್ಟೆ ನನ್ನವು. ಮೊದಲ ಸಲ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದಾಗ ಹುಲಿಗೆಮ್ಮ ರಸ್ತೆಯಲ್ಲೇ ನಿಂತುಬಿಟ್ಟಳು. "ಅಯ್ಯ, ನಿನ್ನ ಬರಿಗೈಲಿ ನೋಡಿದ್ದೇ ಇಲ್ಲ ನೋಡು ನಾನು! ಆರಾಮ ಆತಲ್ಲ ಈಗ?" ಎಂದಳು.

ಇವತ್ತು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ನಡುವೆ ಎದ್ದು ಹೋಗಿ ಪರದೆಯ ಈಚೆ ನಿಂತೆ. ಅಷ್ಟಕ್ಕೆ ಅನುಮತಿ ಇದೆ. ಅತ್ತೆ ಲಾಡಿ ಬಿಚ್ಚಿ ಕೈಗವಸು ತೆಗೆದರು. ಅಂಗೈ ವಾಸಿಯಾಗಿದೆ, ಚರ್ಮ ಅಲ್ಲಲ್ಲಿ ನುಣುಪಾಗಿ ಹೊಳೆಯುತ್ತದೆ. ಮುಕ್ತಾ ಬಟ್ಟಲಲ್ಲಿ ಕೈ ಅದ್ದಿ, ಎಲೆಯನ್ನು ತೊಟ್ಟಿನಿಂದ ತುದಿಗೆ ಸವರಿದಳು. ಕೆನ್ನೆಯನ್ನು ಎಲೆಯ ಹತ್ತಿರ ತಂದಳು.

"ಅವ್ವ," ಎಂದಳು. ಅಷ್ಟು ಸ್ಪಷ್ಟವಾಗಿ ನಾನು ಕೇಳಿದ್ದು ಅದೇ ಮೊದಲು.

"ಏನವ್ವ? ಇಲ್ಲಿದ್ದೀನಿ," ಎಂದೆ.

ಅವಳು ತಿರುಗಲಿಲ್ಲ. "ಅವ್ವ. ಚಿನ್ನದವ್ವ," ಎಂದು ಇನ್ನೊಂದು ಎಲೆಯನ್ನು ಸವರಿದಳು.

ಅತ್ತೆ ನಕ್ಕರು. ಕೆಮ್ಮಿಲ್ಲದ, ತುಂಬಿದ ನಗು. "ನಿನಗಲ್ಲ ಪಂಪಾ, ಗಿಡಕ್ಕ ಅಂತಾಳ. ಯಾರು ಕಲಿಸಿದ್ರೋ ಏನೋ, ದಿನಾ ಹಂಗ ಕರೀತಾಳ ಅದನ್ನ."

ಪರದೆಯ ಮೇಲೆ ನನ್ನ ಹಿಟ್ಟಿನ ಕೈಯ ಅಚ್ಚು ಬಿದ್ದಿತ್ತು. ಸೆರಗಿನಿಂದ ಒರೆಸಿದೆ. ಒಳಗೆ ಗಿಡದ ನೆತ್ತಿಯಲ್ಲಿ ಒಂದು ಹೊಸ ಎಲೆ ಬಿಚ್ಚಿಕೊಳ್ಳುತ್ತಿತ್ತು. ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು. ನಾನು ಅಡುಗೆಮನೆಗೆ ಹೋದೆ.